ಅಚೇಯ ಹಳ್ಳಿಯಲ್ಲಿ ಮನೆ ಯಾರದು?



ಇಂಡೊನೇಷ್ಯದ ಸುಮಾತ್ರಾ ದ್ವೀಪದ ಉತ್ತರ ತುದಿಯಲ್ಲಿರುವ ಪ್ರಾಂತದ ಹೆಸರು ಅಚೇ. ನಮ್ಮ ಪತ್ರಿಕೆಗಳಲ್ಲಿ ಈ ಹೆಸರು ಕಾಣಿಸಿಕೊಂಡದ್ದು ಬಹುಮಟ್ಟಿಗೆ ಎರಡೇ ಕಾರಣಕ್ಕೆ. ಒಂದು, ಅಲ್ಲಿ ಸುಮಾರು ಮೂವತ್ತು ವರ್ಷ ನಡೆದ ಬಂಡಾಯ. ಇನ್ನೊಂದು, 2004ರ ಡಿಸೆಂಬರ್ 26ರ ಸುನಾಮಿ. ಎಲ್ಲೋ ದೂರದ ದೇಶವೆಂಬ ಭಾವನೆ ನಮ್ಮಲ್ಲಿದೆ. ಆದರೆ ಗ್ರೇಟ್ ನಿಕೋಬಾರಿನ ದಕ್ಷಿಣ ತುದಿಯಿಂದ ಅಚೇಯ ನೆಲಕ್ಕೆ ಸುಮಾರು ನೂರೈವತ್ತು ಕಿಲೋಮೀಟರ್ ಮಾತ್ರ. ಬೆಂಗಳೂರಿನಿಂದ ಮೈಸೂರಿಗೆ ಇರುವಷ್ಟೇ ದೂರ. ಭಾರತದ ನೆರೆಹೊರೆಯವರನ್ನು ಎಣಿಸುವಾಗ ಈ ಜನರನ್ನು ನಾವು ಮರೆಯುತ್ತೇವೆ.

2020ರ ಜನಗಣತಿಯಂತೆ ಅಚೇಯ ಜನಸಂಖ್ಯೆ 52 ಲಕ್ಷಕ್ಕೂ ಹೆಚ್ಚು. ಇವರಲ್ಲಿ ಬಹುಪಾಲು ಜನ ಇರುವುದು ಹಳ್ಳಿಗಳಲ್ಲಿ. ಹಳ್ಳಿಗೆ ಅಲ್ಲಿನ ಮಾತಿನಲ್ಲಿ ಗಂಪೋಂಗ್ ಎನ್ನುತ್ತಾರೆ. ಇಡೀ ಪ್ರಾಂತದಲ್ಲಿ ಇಂಥ ಗಂಪೋಂಗ್‌ಗಳು ಸುಮಾರು 6,500 ಇವೆ. ಹೆಚ್ಚಿನವು ಚಿಕ್ಕವು; ತೆಂಗು, ಅಡಿಕೆ, ಬಾಳೆ, ಹಲಸುಗಳ ನೆರಳಿನಲ್ಲಿ ಅಡಗಿರುವಂಥವು. ಹೊರಗಿನಿಂದ ನೋಡಿದವರಿಗೆ ಗದ್ದೆಯ ನಡುವಿನ ತೋಪಿನಂತೆ ತೋರುತ್ತವೆ. ಒಳಹೊಕ್ಕಾಗ ಮಾತ್ರ ಮನೆಗಳು ಕಾಣುತ್ತವೆ.

ಇಂಥ ಒಂದು ಹಳ್ಳಿಯ ಬದುಕನ್ನು ಅರಿಯಲು ಅಲ್ಲಿನ ಭಾಷೆಯ ಒಂದು ಮಾತು ಸಹಾಯಕ್ಕೆ ಬರುತ್ತದೆ. ಅಚೇ ಭಾಷೆಯಲ್ಲಿ ಹೆಂಡತಿಗೆ ‘ಪೊ ರುಮೊ’ ಎಂದು ಹೆಸರು. ‘ರುಮೊ’ ಎಂದರೆ ಮನೆ, ‘ಪೊ’ ಎಂದರೆ ಒಡೆಯ, ಮಾಲೀಕ. ಅಂದರೆ ಹೆಂಡತಿ ಮನೆಯ ಮಾಲೀಕಳು. ನಮ್ಮಲ್ಲಿ ‘ಗೃಹಿಣಿ’, ‘ಮನೆಯೊಡತಿ’ ಎಂದು ಹೆಂಗಸರನ್ನು ಹೊಗಳುವುದುಂಟು. ಹೊಗಳಿಕೆ ಮುಗಿದ ಮೇಲೆ ಖಾತೆ ನೋಡಿದರೆ ಹೆಸರು ಗಂಡಸಿನದೇ ಇರುತ್ತದೆ. ಅಚೇಯ ಪಿದೀ ಮತ್ತು ಅಚೇ ಬೆಸಾರ್ ಜಿಲ್ಲೆಗಳ ಹಳ್ಳಿಗಳಲ್ಲಿ ‘ಪೊ ರುಮೊ’ ಬರಿಯ ಗೌರವದ ಮಾತಾಗಿರಲಿಲ್ಲ. ಅಲ್ಲಿ ಮನೆ ನಿಜವಾಗಿಯೂ ಅವಳದಾಗಿತ್ತು.

ಅದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಮಗಳಿಗೆ ಮದುವೆಯಾದರೆ ಅವಳು ತವರು ಬಿಟ್ಟು ಹೋಗುವುದಿಲ್ಲ. ಗಂಡನೇ ಬರುತ್ತಾನೆ. ಹಳೆಯ ಮನೆಗಳಲ್ಲಿ ನಡುಭಾಗದ ಕೋಣೆಯನ್ನು ತಂದೆತಾಯಿ ಹೊಸ ಜೋಡಿಗೆ ಬಿಟ್ಟುಕೊಟ್ಟು ತಾವು ಬೇರೆಡೆ ಸರಿಯುತ್ತಿದ್ದರು. ಕೆಲವು ವರ್ಷಗಳ ನಂತರ, ಸಾಮಾನ್ಯವಾಗಿ ಮಕ್ಕಳಾದ ಮೇಲೆ, ಮಗಳ ಒಲೆಯನ್ನು ಬೇರೆ ಮಾಡುತ್ತಿದ್ದರು. ಆಗ ಅವಳಿಗೆ ಮನೆಯನ್ನೋ ಮನೆಯ ಜಾಗವನ್ನೋ ಅನುಕೂಲವಿದ್ದರೆ ಒಂದು ತುಂಡು ಗದ್ದೆಯನ್ನೋ ಕೊಡುವುದು ರೂಢಿ. ಈ ಕೊಡುಗೆಗೆ ‘ಪುನುಲಾಂಗ್’ ಎಂದು ಹೆಸರು. ಎರಡನೆಯ ಮಗಳಿದ್ದರೆ ಅವಳಿಗೂ ಪಕ್ಕದಲ್ಲೇ ಇನ್ನೊಂದು ಮನೆ. ಹೀಗೆ ಒಂದು ಅಂಗಳದ ಸುತ್ತ ತಾಯಿ, ಹೆಣ್ಣುಮಕ್ಕಳು, ಚಿಕ್ಕಮ್ಮ ದೊಡ್ಡಮ್ಮಂದಿರ ಮನೆಗಳು ನಿಲ್ಲುತ್ತಿದ್ದವು. ಬಾವಿ ಒಂದೇ. ಬೇಲಿಯೊಳಗೆ ಹುಟ್ಟಿನಿಂದ ಸೇರಿದವರೆಲ್ಲ ಹೆಂಗಸರು. ಗಂಡಸರು ಬೇರೆ ಬೇರೆ ಕಡೆಯಿಂದ ಬಂದ ಅಳಿಯಂದಿರು.

ಇಲ್ಲಿ ಒಂದು ತಪ್ಪು ತಿಳುವಳಿಕೆಗೆ ಅವಕಾಶವಿದೆ. ಇದು ಮಾತೃವಂಶೀಯ ಪದ್ಧತಿಯಲ್ಲ. ಅದೇ ಸುಮಾತ್ರಾದ ಪಶ್ಚಿಮ ಕರಾವಳಿಯ ಮಿನಾಂಗ್ಕಬಾವ್ ಜನರಲ್ಲಿ ಕುಲವೇ ತಾಯಿಯ ಕಡೆಯಿಂದ ಬರುತ್ತದೆ. ಅಚೇಯಲ್ಲಿ ಹಾಗಿಲ್ಲ. ಸಂಬಂಧವನ್ನು ತಂದೆ ತಾಯಿ ಎರಡೂ ಕಡೆಯಿಂದ ಎಣಿಸುತ್ತಾರೆ. ಆಸ್ತಿ ಹಂಚುವಾಗ ಇಸ್ಲಾಮಿನ ಉತ್ತರಾಧಿಕಾರದ ಲೆಕ್ಕವನ್ನೇ ಅನುಸರಿಸುತ್ತಾರೆ. ಆ ಲೆಕ್ಕದಲ್ಲಿ ಮಗನಿಗೆ ಎರಡು ಪಾಲು, ಮಗಳಿಗೆ ಒಂದು. ಹಾಗಾದರೆ ಮನೆ ಮಗಳಿಗೆ ಹೇಗೆ ಸೇರಿತು? ಪಾಲು ಮಾಡುವುದು ಸತ್ತ ಮೇಲೆ. ಪುನುಲಾಂಗ್ ಕೊಡುವುದು ಬದುಕಿರುವಾಗ. ಬದುಕಿರುವಾಗ ದಾನ ಕೊಟ್ಟ ವಸ್ತು ಸತ್ತಾಗಿನ ಆಸ್ತಿಯಲ್ಲಿ ಸೇರುವುದಿಲ್ಲ. ಧರ್ಮಶಾಸ್ತ್ರಕ್ಕೂ ಊರಿನ ಕಟ್ಟಳೆಗೂ ಜಗಳವಿಲ್ಲದಂತೆ ಹಿರಿಯರು ಕಂಡುಕೊಂಡ ದಾರಿ ಇದು. ಶಾಸ್ತ್ರಕ್ಕೆ ಕಟ್ಟುಬಿದ್ದ ಜನ ಎಂದು ಅಚೇಯವರಿಗೆ ಹೆಸರಿದೆ. ತಮ್ಮ ನಾಡನ್ನು ಅವರು ‘ಮೆಕ್ಕಾದ ಮೊಗಸಾಲೆ’ ಎಂದು ಕರೆದುಕೊಳ್ಳುತ್ತಾರೆ. ಅಂಥ ನಾಡಿನ ಹಳ್ಳಿಗರೇ ಇಷ್ಟು ಜಾಣತನದಿಂದ ಮಗಳ ತಲೆಯ ಮೇಲೊಂದು ಸೂರು ಉಳಿಸಿದ್ದರು.

ಮನೆಯೂ ನೋಡತಕ್ಕಂಥದ್ದೇ. ಹಳೆಯ ಅಚೇ ಮನೆ ಮರದ ಕಂಬಗಳ ಮೇಲೆ ನಿಂತದ್ದು. ಕಂಬಗಳು ಹದಿನಾರು, ಇಪ್ಪತ್ತು ಅಥವಾ ಇಪ್ಪತ್ತನಾಲ್ಕು. ನೆಲಕ್ಕೂ ಹಲಗೆಯ ಹಾಸಿಗೂ ನಡುವೆ ಆಳು ನಡೆದಾಡುವಷ್ಟು ಎತ್ತರ. ಮೊಳೆ ಹೊಡೆಯದೆ, ಮರದ ಗೂಟ ಮತ್ತು ಬೆಣೆಗಳಿಂದ ಇಡೀ ಮನೆಯನ್ನು ಜೋಡಿಸುತ್ತಿದ್ದರು. ಬೇಕೆಂದಾಗ ಬಿಚ್ಚಿ ಬೇರೆ ಜಾಗದಲ್ಲಿ ನಿಲ್ಲಿಸಬಹುದಿತ್ತು, ಮಾರಲೂಬಹುದಿತ್ತು. ಬಾಗಿಲು ತಗ್ಗು, ಎಂಥ ದೊಡ್ಡವನೇ ಆಗಲಿ ತಲೆ ಬಾಗಿಸಿಯೇ ಒಳಗೆ ಬರಬೇಕು. ಮುಂದಿನ ಜಗುಲಿ ಗಂಡಸರಿಗೆ ಮತ್ತು ಅತಿಥಿಗಳಿಗೆ. ಹಿಂದಿನದು ಹೆಂಗಸರಿಗೆ ಮತ್ತು ಅಡುಗೆಗೆ. ಎರಡರ ನಡುವೆ, ಎರಡಕ್ಕಿಂತ ಸ್ವಲ್ಪ ಎತ್ತರದಲ್ಲಿ, ಮಲಗುವ ಕೋಣೆಗಳು. ಮಾಡಿಗೆ ಸಾಗುವಾನಿಯಂತಹ ಬೆಲೆಬಾಳುವ ಸಾಮಾನಲ್ಲ, ಸಾಗೋ ತಾಳೆಯ ಗರಿ. ಆ ಗರಿಯ ಹೊದಿಕೆಯನ್ನೆಲ್ಲ ಹಿಡಿದಿಟ್ಟ ಹಗ್ಗವೊಂದಿರುತ್ತಿತ್ತು. ಬೆಂಕಿ ಬಿದ್ದರೆ ಅದನ್ನು ಕತ್ತರಿಸಿದಾಗ ಉರಿಯುವ ಹೊದಿಕೆ ಜಾರಿ ನೆಲಕ್ಕೆ ಬೀಳುತ್ತದೆ, ಕೆಳಗಿನ ಮನೆ ಉಳಿಯುತ್ತದೆ.

ಮನೆಯ ಅಡಿಯ ಆ ನೆರಳು ಜಾಗವನ್ನು ಮರೆಯುವಂತಿಲ್ಲ. ಭತ್ತ ತುಂಬುವ ದೊಡ್ಡ ಪಿಪಾಯಿ ಇರುವುದು ಅಲ್ಲಿ. ಕಾಲಿನಿಂದ ತುಳಿದು ಕುಟ್ಟುವ ಉದ್ದ ಮರದ ಒನಕೆ ಇರುವುದು ಅಲ್ಲಿ. ಚಾಪೆ ಹೆಣೆಯುವುದು, ಮಗುವನ್ನು ತೂಗುವುದು, ನೆರೆಯವಳೊಂದಿಗೆ ಎಲೆಯಡಿಕೆ ಹಾಕಿಕೊಂಡು ಮಾತಾಡುವುದು ಎಲ್ಲ ಅಲ್ಲೇ. ಬಂದವರಿಗೆ ಮೊದಲು ವೀಳ್ಯ ಕೊಡುವ ರೂಢಿ ಅಚೇಯಲ್ಲೂ ಇದೆ.

ಹಾಗಾದರೆ ಗಂಡಸರು ಎಲ್ಲಿದ್ದರು? ಅವರ ಜಾಗ ‘ಮುನಾಸಾ’. ‘ಮದರಸಾ’ ಎಂಬ ಅರಬ್ಬಿ ಪದದಿಂದ ಬಂದ ಹೆಸರು ಇದು. ಪ್ರತಿ ಗಂಪೋಂಗ್‌ಗೂ ಒಂದು ಮುನಾಸಾ. ದಿನದ ನಮಾಜು ಅಲ್ಲಿ, ಪಂಚಾಯ್ತಿ ಅಲ್ಲಿ, ಊರಿಗೆ ಬಂದ ದಾರಿಹೋಕ ರಾತ್ರಿ ತಂಗುವುದೂ ಅಲ್ಲಿ. ಹುಡುಗರು ಸ್ವಲ್ಪ ಬೆಳೆದ ಕೂಡಲೇ ರಾತ್ರಿ ಅಲ್ಲಿಗೆ ಮಲಗಲು ಹೋಗುತ್ತಿದ್ದರು. ಅಕ್ಕತಂಗಿಯರ ಮನೆಯಲ್ಲಿ ಬೆಳೆದ ಹುಡುಗನಿಗೆ ರಾತ್ರಿ ಜಾಗವಿಲ್ಲ ಎಂಬುದು ಅಲ್ಲಿನ ಮರ್ಯಾದೆ. ಹೆಂಡತಿ ಸತ್ತವನು, ಹೆಂಡತಿಯಿಂದ ದೂರವಾದವನು ಸಹ ಮುನಾಸಾಕ್ಕೇ ಮರಳಬೇಕು. ವಿಚ್ಛೇದನವಾದರೆ ಮನೆ ಬಿಟ್ಟು ಹೊರಡುವವನು ಗಂಡ.

ದುಡಿಯಲು ಗಂಡಸರು ಊರು ಬಿಟ್ಟು ಹೋಗುವುದೂ ಹಳೆಯ ಪದ್ಧತಿಯೇ. ಕರಿಮೆಣಸಿನ ಕಾಲದಲ್ಲಿ ಇದು ಬಹಳವಾಗಿ ಬೆಳೆಯಿತು. 1820ರ ದಶಕದಲ್ಲಿ ಜಗತ್ತಿನ ಮೆಣಸಿನ ಅರ್ಧದಷ್ಟನ್ನು ಅಚೇ ಬೆಳೆಯುತ್ತಿತ್ತು ಎಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಪಿದೀಯ ಗಂಡಸರು ಮೊದಲು ಪಶ್ಚಿಮ ಕರಾವಳಿಗೆ, ಆಮೇಲೆ ಪೂರ್ವದ ಕಡೆಗೆ ಕಾಡು ಕಡಿದು ಬಳ್ಳಿ ಹಬ್ಬಿಸಲು ಹೋದರು. ಮೆಣಸು ಹೋದ ಮೇಲೆ ವ್ಯಾಪಾರಕ್ಕೆ ಹೋದರು. ರಮ್ಜಾನ್ ತಿಂಗಳು ಬಂತೆಂದರೆ ಊರಿಗೆ ಬರುವುದು, ಹಬ್ಬ ಮುಗಿದ ಮೇಲೆ ಮತ್ತೆ ಹೊರಡುವುದು.

ಅಮೆರಿಕದ ಮಾನವಶಾಸ್ತ್ರಜ್ಞ ಜೇಮ್ಸ್ ಸೀಗೆಲ್ 1960ರ ದಶಕದಲ್ಲಿ ಪಿದೀಯ ಹಳ್ಳಿಯಲ್ಲಿದ್ದು ಇದನ್ನು ಅಭ್ಯಾಸ ಮಾಡಿದರು. 1969ರಲ್ಲಿ ಪ್ರಕಟವಾದ ಅವರ ‘ದಿ ರೋಪ್ ಆಫ್ ಗಾಡ್’ ಪುಸ್ತಕದಲ್ಲಿ ಹೆಂಡತಿಯ ಮನೆಯಲ್ಲಿ ಗಂಡನ ಸ್ಥಿತಿಯ ಬಗ್ಗೆ ಬರೆದ ಪುಟಗಳು ನಗುವನ್ನೂ ಮರುಕವನ್ನೂ ತರುತ್ತವೆ. ಹಣ ತಂದ ದಿನಗಳಲ್ಲಿ ಅವನಿಗೆ ಅತಿಥಿಯ ಆದರ. ಹಣ ಮುಗಿದರೆ ಆದರವೂ ಇಳಿಯುತ್ತದೆ. ಮನೆಯ ಅನ್ನ ಹೆಂಡತಿಯ ಗದ್ದೆಯಿಂದ ಬರುತ್ತದೆ; ಮಕ್ಕಳನ್ನು ತಾಯಿ ಮತ್ತು ಅಜ್ಜಿ ನೋಡಿಕೊಳ್ಳುತ್ತಾರೆ. ಅವನು ಮಾಡಬೇಕಾದ ಕೆಲಸವೇ ಮನೆಯಲ್ಲಿ ಇರುವುದಿಲ್ಲ. ಆತ ಎದ್ದು ಕಾಫಿ ಅಂಗಡಿಗೆ ಹೋಗುತ್ತಾನೆ. ಇಂದಿಗೂ ಅಚೇಯಲ್ಲಿ ಕಾಫಿ ಅಂಗಡಿ ಗಂಡಸರ ಎರಡನೆಯ ಮನೆ. ಬಟ್ಟೆಯ ಉದ್ದ ಸೋಸುಚೀಲದಿಂದ ಮೇಲೆ ಕೆಳಗೆ ಎತ್ತಿ ಹೊಯ್ದು ಮಾಡಿದ ಕಾಫಿಯ ಮುಂದೆ ಗಂಟೆಗಟ್ಟಲೆ ಕೂರುತ್ತಾರೆ. ಅಂದ ಹಾಗೆ, ಅಂಗಡಿಗೆ ಅವರ ಪದ ‘ಕುದೇ’, ಮಲಯದಲ್ಲಿ ‘ಕಡೈ’. ತಮಿಳು ವರ್ತಕರು ಹಡಗಿನಲ್ಲಿ ಒಯ್ದ ಮಾತು ಅದು.

ಹೆಣ್ಣಿನ ಕೈಯಲ್ಲಿ ಮನೆಯ ಜೊತೆಗೆ ಚಿನ್ನವೂ ಇತ್ತು. ವರ ಕೊಡಬೇಕಾದ ಮಹರನ್ನು ಅಲ್ಲಿ ‘ಮಾಯಮ್’ ಎಂಬ ಚಿನ್ನದ ಅಳತೆಯಲ್ಲಿ ಹೇಳುತ್ತಾರೆ. ಒಂದು ಮಾಯಮ್ ಸುಮಾರು 3.3 ಗ್ರಾಂ. ಚಿನ್ನದ ಬೆಲೆ ಏರಿದಂತೆ ಹುಡುಗರ ಮದುವೆ ಮುಂದಕ್ಕೆ ಹೋಗುತ್ತದೆ ಎಂಬ ಗೊಣಗಾಟ ಇಂದಿನ ಅಚೇಯಲ್ಲಿ ಸಾಮಾನ್ಯ. ವರದಕ್ಷಿಣೆಯ ಊರಿನವರಿಗೆ ಈ ಗೊಣಗಾಟ ಹೊಸದಾಗಿ ಕೇಳಿಸೀತು.

ಊರಿನ ಆಡಳಿತ ಹೇಗೆ ಎಂಬುದನ್ನು ಚುಟುಕಾಗಿ ಹೇಳಬಹುದು. ಊರಿನ ಯಜಮಾನ ‘ಕುಚಿಕ್’. ಅವನ ಜೊತೆಗೆ ಮುನಾಸಾದ ಇಮಾಮ ಮತ್ತು ಹಿರಿಯರ ಒಂದು ಮಂಡಲಿ. ಹಲವು ಗಂಪೋಂಗ್‌ಗಳು ಸೇರಿ ಒಂದು ‘ಮುಕೀಮ್’. ಶುಕ್ರವಾರದ ಮಸೀದಿ ಒಂದೇ ಆಗಿರುವ ಊರುಗಳ ಕೂಟ ಅದು. ಗದ್ದೆಗೆ ನೀರು ಬಿಡುವ ದಿನ, ನಾಟಿಯ ದಿನ ಗೊತ್ತುಮಾಡಲು ಬೇರೆ ಒಬ್ಬ ಅಧಿಕಾರಿ. ಸಮುದ್ರಕ್ಕೆ ಇನ್ನೊಬ್ಬ. ಸಮುದ್ರದ ಯಜಮಾನನ ಕಟ್ಟಳೆಯಂತೆ ಶುಕ್ರವಾರ ದೋಣಿ ಇಳಿಯುವಂತಿಲ್ಲ. ಯಾರಾದರೂ ಕಡಲಲ್ಲಿ ಕಾಣೆಯಾದರೆ ಎಲ್ಲ ದೋಣಿಗಳೂ ಹುಡುಕಲು ಹೋಗಬೇಕು. ಗದ್ದೆಯನ್ನು ಬಿತ್ತನೆ ಬೀಜದ ಅಳತೆಯಿಂದ ಹೇಳುವುದು ಅವರ ರೂಢಿ. ‘ಇಷ್ಟು ಖಂಡುಗ ಬಿತ್ತುವ ಗದ್ದೆ’ ಎಂದು ನಮ್ಮ ಹಿರಿಯರು ಹೇಳುತ್ತಿದ್ದಂತೆಯೇ. ನಾಟಿಯ ಕಾಲ ತಿಳಿಯಲು ಚಂದ್ರ ವೃಶ್ಚಿಕದ ನಕ್ಷತ್ರಗಳ ಬಳಿ ಬರುವ ತಿಥಿಯನ್ನು ನೋಡುತ್ತಿದ್ದರು. ಮಳೆ ನಕ್ಷತ್ರಗಳ ಲೆಕ್ಕ ಬಲ್ಲ ನಮ್ಮ ರೈತನಿಗೆ ಇದು ವಿಚಿತ್ರವೆನಿಸದು.

ನಾಟಿಗೆ ಮುನ್ನ ಗದ್ದೆಯ ಬಳಿ ಊರೂಟ. ಇದಕ್ಕೆ ‘ಕಂದೂರಿ’ ಎನ್ನುತ್ತಾರೆ. ಉತ್ತರ ಕರ್ನಾಟಕದ ಉರುಸುಗಳ ಕಂದೂರಿ ಉಂಡವರಿಗೆ ಈ ಪದ ಪರಿಚಿತ. ಎರಡೂ ಪಾರಸಿ ಮೂಲದ ಒಂದೇ ಮಾತು. ಅಚೇ ಬೆಸಾರ್ ಕಡೆ ಇಂಥ ಊಟಕ್ಕೆ ಮೇಕೆಯ ಮಾಂಸವನ್ನು ಎಳೆಯ ಹಲಸಿನಕಾಯಿಯೊಂದಿಗೆ ದೊಡ್ಡ ಕೊಪ್ಪರಿಗೆಯಲ್ಲಿ ಬೇಯಿಸುತ್ತಾರೆ. ಸೌಟು ಹಿಡಿಯುವವರು ಗಂಡಸರು. ದಿನದ ಅಡುಗೆ ಹೆಂಗಸರದು, ಅದರಲ್ಲಿ ಅವರ ಕೈಚಳಕ ಹೆಚ್ಚಿನದು. ಬಿಂಬುಳಿ ಕಾಯಿಯನ್ನು ಉಪ್ಪು ಹಾಕಿ ಒಣಗಿಸಿ ವರ್ಷವಿಡೀ ಹುಳಿಗೆ ಬಳಸುತ್ತಾರೆ. ತೆಂಗಿನ ತುರಿಯನ್ನು ಕೆಲವು ದಿನ ಹುದುಗು ಹಾಕಿ, ಎಣ್ಣೆ ತೆಗೆದು, ಉಳಿದ ಹಿಂಡಿಯನ್ನು ಬಿಸಿಲಿಗೆ ಒಣಗಿಸಿ ಹಲವು ಬಗೆಯ ಸೊಪ್ಪು ತರಕಾರಿಗಳ ಸಾರು ಮಾಡುತ್ತಾರೆ. ಏನನ್ನೂ ಎಸೆಯದ ಅಡುಗೆ. ಮಾಂಸ ಅಪರೂಪ. ಆದರೆ ರಮ್ಜಾನ್ ಆರಂಭದ ಮುನ್ನಾದಿನ ಮತ್ತು ಎರಡು ಈದ್‌ಗಳ ಮುನ್ನಾದಿನ ‘ಮುಗಾಂಗ್’ ಬರುತ್ತದೆ. ಅಂದು ಎಷ್ಟೇ ಬಡವರಾಗಲಿ ಮಾಂಸ ಬೇಯಿಸಬೇಕು. ಹೊಸ ಅಳಿಯ ಅತ್ತೆಯ ಮನೆಗೆ ಮಾಂಸ ತರಲೇಬೇಕು. ಬರಿಗೈಯಲ್ಲಿ ಬಂದವನ ಮಾನ ಊರ ಬಾಯಿಗೆ ಬೀಳುತ್ತದೆ.

ಇದಿಷ್ಟನ್ನು ಕೇಳಿ ಅಚೇಯ ಹಳ್ಳಿ ಹೆಣ್ಣಿನ ಸ್ವರ್ಗವೆಂದು ಭಾವಿಸಬಾರದು. ಮನೆ ಅವಳದಾದರೂ ಊರು ಅವಳದಾಗಿರಲಿಲ್ಲ. ಮುನಾಸಾದ ಸಭೆಯಲ್ಲಿ ಅವಳು ಕೂರುತ್ತಿರಲಿಲ್ಲ. 1641ರಿಂದ 1699ರವರೆಗೆ ಸತತವಾಗಿ ನಾಲ್ವರು ರಾಣಿಯರು ಅಚೇಯ ಗದ್ದುಗೆ ಏರಿದ್ದರು. ಹಳ್ಳಿಯಲ್ಲಿ ಹೆಣ್ಣು ಕುಚಿಕ್ ಆಗುವುದು ಮಾತ್ರ ಇಂದಿಗೂ ಅಪರೂಪ. ಆದರೂ ಗಂಡ ಹೊಡೆದರೆ, ಬಿಟ್ಟುಹೋದರೆ, ಸತ್ತರೆ ಅವಳು ಬೀದಿಗೆ ಬೀಳುತ್ತಿರಲಿಲ್ಲ. ಈ ಒಂದು ಆಸರೆಯ ಬೆಲೆ ಗೊತ್ತಾದದ್ದು ಯುದ್ಧದ ಕಾಲದಲ್ಲಿ.

ಅಚೇಗೆ ಯುದ್ಧ ಹೊಸದಲ್ಲ. 1873ರಲ್ಲಿ ಡಚ್ಚರು ದಾಳಿ ಮಾಡಿದಾಗ ಆರಂಭವಾದ ಹೋರಾಟ ಹಲವು ದಶಕ ನಡೆಯಿತು. ಡಚ್ ವಿದ್ವಾಂಸ ಸ್ನೂಕ್ ಹರ್ಗ್ರೋನ್ಯೆ 1891ರಲ್ಲಿ ಅಚೇಗೆ ಬಂದು, ಈ ಹಳ್ಳಿಗಳ ಬಗ್ಗೆ ಎರಡು ಸಂಪುಟಗಳನ್ನು ಬರೆದ. ಮನೆ, ಮದುವೆ, ಮುನಾಸಾ, ನಾಟಿಯ ನಕ್ಷತ್ರ ಯಾವುದನ್ನೂ ಅವನು ಬಿಟ್ಟಿಲ್ಲ. ಇಂದಿಗೂ ಅದನ್ನು ಓದದೆ ಅಚೇಯ ಬಗ್ಗೆ ಬರೆಯುವವರಿಲ್ಲ. ಆದರೆ ಆತ ಸರಕಾರದ ಸಲಹೆಗಾರನೂ ಆಗಿದ್ದ. ಹೋರಾಟದ ಮುಂಚೂಣಿಯಲ್ಲಿದ್ದ ಉಲೇಮಾಗಳನ್ನು ಬೆನ್ನಟ್ಟಿ ಬಡಿಯಬೇಕು, ಊರಿನ ಸಾಮಂತರನ್ನು ಒಲಿಸಿಕೊಳ್ಳಬೇಕು ಎಂದು ಸಲಹೆ ಕೊಟ್ಟವನೂ ಅವನೇ. ಹಳ್ಳಿಯನ್ನು ಅಷ್ಟು ಚೆನ್ನಾಗಿ ಅರಿತದ್ದು ಹಳ್ಳಿಗೆ ಒಳ್ಳೆಯದಾಗಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ, 1953ರಲ್ಲಿ, ದಾವೂದ್ ಬರುಎಹ್ ನೇತೃತ್ವದಲ್ಲಿ ಒಂದು ಬಂಡಾಯವಾಯಿತು. 1976ರ ಡಿಸೆಂಬರ್ 4ರಂದು ಹಸನ್ ದಿ ತೀರೋ ಸ್ವತಂತ್ರ ಅಚೇಯ ಚಳವಳಿಯನ್ನು ಘೋಷಿಸಿದರು. ಅರುನ್ ಎಂಬಲ್ಲಿ ಸಿಕ್ಕ ನೈಸರ್ಗಿಕ ಅನಿಲದ ಹಣವೆಲ್ಲ ಜಕಾರ್ತಾಕ್ಕೆ ಹೋಗುತ್ತದೆ, ಅನಿಲದ ಕೊಳವೆ ಹಾದುಹೋಗುವ ಹಳ್ಳಿಗಳಿಗೆ ಏನೂ ಉಳಿಯುವುದಿಲ್ಲ ಎಂಬುದು ಜನರ ಸಿಟ್ಟಿನ ಮುಖ್ಯ ಕಾರಣಗಳಲ್ಲೊಂದು. 1989ರಿಂದ 1998ರವರೆಗೆ ಪಿದೀ, ಉತ್ತರ ಅಚೇ, ಪೂರ್ವ ಅಚೇಗಳಲ್ಲಿ ಸೈನ್ಯದ ಕಾರ್ಯಾಚರಣೆ ನಡೆಯಿತು. 2003ರ ಮೇ ತಿಂಗಳಲ್ಲಿ ಸೈನಿಕ ಕಾಯಿದೆ ಹೇರಲಾಯಿತು. 1976ರಿಂದ 2005ರವರೆಗೆ ಸತ್ತವರು ಸುಮಾರು 15,000 ಎಂದು ಸಾಮಾನ್ಯವಾಗಿ ಅಂದಾಜು ಮಾಡುತ್ತಾರೆ.

ಹಳ್ಳಿಯ ಮಟ್ಟದಲ್ಲಿ ಈ ಯುದ್ಧ ಹೇಗಿತ್ತು? ಹರೆಯದ ಗಂಡಸರು ಊರಲ್ಲಿರುವಂತಿರಲಿಲ್ಲ. ಇದ್ದರೆ ಸೈನ್ಯಕ್ಕೆ ಬಂಡಾಯಗಾರ, ಬಂಡಾಯಗಾರರಿಗೆ ಸೈನ್ಯದ ಚಾಡಿಕೋರ. ಕೆಲವರು ಗುಡ್ಡ ಹತ್ತಿದರು, ಹಲವರು ಜಲಸಂಧಿ ದಾಟಿ ಮಲೇಷ್ಯಕ್ಕೆ ಓಡಿದರು. ಉಳಿದವರು ರಾತ್ರಿ ಕಡ್ಡಾಯವಾಗಿ ಪಹರೆ ಕೂರಬೇಕಿತ್ತು. 2003ರಲ್ಲಿ ಕೆಂಪು ಬಿಳಿ ಬಣ್ಣದ ವಿಶೇಷ ಗುರುತಿನ ಚೀಟಿ ತಂದರು. ಅದಿಲ್ಲದೆ ಪೇಟೆಗೆ ಹೋಗುವುದೂ ಅಪಾಯ. ನೂರಾರು ಶಾಲೆಗಳು ಸುಟ್ಟುಹೋದವು. ಸುಟ್ಟವರು ಯಾರೆಂದು ಎರಡೂ ಕಡೆಯವರು ಪರಸ್ಪರ ಬೆರಳು ತೋರಿಸಿದರು.

ಬಾಗಿಲು ತಟ್ಟಿದಾಗ ತೆರೆದವಳು ಪೊ ರುಮೊ. ಗಂಡ ಎಲ್ಲಿ, ಮಗ ಎಲ್ಲಿ ಎಂದು ಕೇಳಿದಾಗ ಉತ್ತರಿಸಬೇಕಾದವಳೂ ಅವಳೇ. ಮೆಣಸಿನ ಕಾಲದಲ್ಲಿ ಗಂಡಸರಿಲ್ಲದೆ ಊರು ನಡೆಸಿದ ಅಭ್ಯಾಸ ಈಗ ಬೇರೊಂದು ರೀತಿಯಲ್ಲಿ ಬೇಕಾಯಿತು. ಗದ್ದೆ ಉತ್ತು, ಹೆಣ ಹುಡುಕಿ, ಠಾಣೆಗೆ ಅಲೆದು, ಚಿನ್ನ ಮಾರಿ ಮಕ್ಕಳನ್ನು ಸಾಕಿದರು. ಪಿದೀಯ ಕೆಲವು ಊರುಗಳಿಗೆ ‘ವಿಧವೆಯರ ಊರು’ ಎಂದೇ ಹೆಸರು ಬಿತ್ತು. ವಿಧವೆಗೆ ಅಲ್ಲಿ ‘ಇನೊಂಗ್ ಬಲೇ’ ಎನ್ನುತ್ತಾರೆ. ಸುಮಾರು 1600ರ ಕಾಲದಲ್ಲಿ ನೌಕಾಪಡೆ ನಡೆಸಿದ ಮಲಾಹಯಾತಿ ಎಂಬಾಕೆ ವಿಧವೆಯರ ಪಡೆ ಕಟ್ಟಿದಳೆಂದು ಪ್ರತೀತಿ. ಬಂಡಾಯದ ಮಹಿಳಾ ಪಡೆಯೂ ಅದೇ ಹೆಸರಿಟ್ಟುಕೊಂಡಿತು. 2005ರ ಆಗಸ್ಟ್ 15ರಂದು ಹೆಲ್ಸಿಂಕಿಯಲ್ಲಿ ಶಾಂತಿ ಒಪ್ಪಂದವಾದಾಗ 3,000 ಹೋರಾಟಗಾರರಿಗೆ ಪುನರ್ವಸತಿ ಎಂದಾಯಿತು. ಚಳವಳಿ ಕೊಟ್ಟ ಮೊದಲ ಪಟ್ಟಿಯಲ್ಲಿ ಹೆಂಗಸರ ಹೆಸರುಗಳೇ ಇರಲಿಲ್ಲ.

ಒಂದು ಮನೆಯ ಕಥೆಯನ್ನು ಇಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ. ಪಿದೀಯ ಗ್ಲುಂಪಾಂಗ್ ತೀಗಾದ ಬಳಿ ಒಂದು ದೊಡ್ಡ ಹಳೆಯ ಮರದ ಮನೆಯಿತ್ತು. ರುಮೊ ಗುಡೋಂಗ್ ಎಂದು ಹೆಸರು. ಕಾರ್ಯಾಚರಣೆಯ ವರ್ಷಗಳಲ್ಲಿ ಸೈನ್ಯದ ವಿಶೇಷ ದಳ ಅದನ್ನು ಠಾಣೆ ಮಾಡಿಕೊಂಡಿತು. ಸುತ್ತಲಿನ ಹಳ್ಳಿಗಳ ಗಂಡಸರನ್ನೂ ಹೆಂಗಸರನ್ನೂ ಅಲ್ಲಿಗೆ ಎಳೆತಂದು ಹಿಂಸಿಸಲಾಯಿತು. ಹೆಂಗಸರ ಮೇಲೆ ಅತ್ಯಾಚಾರಗಳಾದವು. ಮಗಳಿಗೆ ಕೊಡುವ ಮನೆಯಂಥ ಮನೆಯೇ, ಕಂಬ ಜಗುಲಿ ಎಲ್ಲ ಇದ್ದದ್ದೇ. 1998ರ ಆಗಸ್ಟಿನಲ್ಲಿ, ಸೈನ್ಯ ಹೊರಟ ಮೇಲೆ, ರೊಚ್ಚಿಗೆದ್ದ ಜನ ಅದಕ್ಕೆ ಬೆಂಕಿ ಹಚ್ಚಿದರು. 2023ರ ಜನವರಿಯಲ್ಲಿ ಅಧ್ಯಕ್ಷ ಜೋಕೊ ವಿದೋದೊ ದೇಶದ ಹನ್ನೆರಡು ಘೋರ ಪ್ರಕರಣಗಳನ್ನು ಸರಕಾರದ ಪರವಾಗಿ ಒಪ್ಪಿಕೊಂಡು ವಿಷಾದಿಸಿದಾಗ ಇದೂ ಅದರಲ್ಲಿತ್ತು. ಅದೇ ಜೂನ್‌ನಲ್ಲಿ ಅಧ್ಯಕ್ಷರು ಆ ಸ್ಥಳಕ್ಕೇ ಬಂದು ಪರಿಹಾರ ಕಾರ್ಯಕ್ರಮ ಆರಂಭಿಸಿದರು. ಅವರು ಬರುವ ಮುನ್ನ ಅಲ್ಲಿ ಉಳಿದಿದ್ದ ಅವಶೇಷಗಳನ್ನು ನೆಲಸಮ ಮಾಡಲಾಯಿತು. ನೆನಪಿಗೆ ಅದನ್ನಾದರೂ ಬಿಡಬಹುದಿತ್ತು ಎಂದವರ ಮಾತು ತಪ್ಪೆನ್ನಲಾಗದು. ನ್ಯಾಯಾಲಯದಲ್ಲಿ ಆ ಪ್ರಕರಣಕ್ಕೆ ಯಾರಿಗೂ ಶಿಕ್ಷೆಯಾಗಿಲ್ಲ.

ಶಾಂತಿಗೆ ಎಂಟು ತಿಂಗಳ ಮೊದಲು ಸಮುದ್ರ ಬಂದಿತ್ತು. 2004ರ ಡಿಸೆಂಬರ್ 26, ಭಾನುವಾರ, ಬೆಳಗ್ಗೆ ಎಂಟಕ್ಕೆ ಸ್ವಲ್ಪ ಮುಂಚೆ ಭೂಕಂಪ. ಅರ್ಧ ಗಂಟೆಯೊಳಗೆ ಅಲೆ. ಅಚೇಯಲ್ಲಿ ಸತ್ತವರು, ಕಾಣೆಯಾದವರು ಸೇರಿ 1,60,000ಕ್ಕೂ ಹೆಚ್ಚು. ನಾಗಪಟ್ಟಣ, ನಿಕೋಬಾರ್‌ಗಳಿಗೆ ಬಡಿದದ್ದೂ ಅದೇ ಅಲೆ. ಆಮೇಲೆ ಆಕ್ಸ್‌ಫ್ಯಾಮ್ ಸಂಸ್ಥೆ ಅಚೇ ಬೆಸಾರ್‌ನ ನಾಲ್ಕು ಹಳ್ಳಿಗಳಲ್ಲಿ ಎಣಿಸಿ ನೋಡಿತು. ಬದುಕುಳಿದ 676 ಮಂದಿಯಲ್ಲಿ ಹೆಂಗಸರು 189 ಮಾತ್ರ. ಕಾರಣ ಸರಳ. ರಜೆಯ ಬೆಳಗ್ಗೆ ಹೆಂಗಸರು ಮಕ್ಕಳೊಂದಿಗೆ ಮನೆಯಲ್ಲಿದ್ದರು. ಗಂಡಸರಲ್ಲಿ ಹಲವರು ಆಳ ಸಮುದ್ರದಲ್ಲಿ ಮೀನು ಹಿಡಿಯುತ್ತಿದ್ದರು, ಅಲ್ಲಿ ಅಲೆಯ ಎತ್ತರ ತಿಳಿಯುವುದಿಲ್ಲ. ಉಳಿದವರು ಪೇಟೆಗೋ ಕೆಲಸಕ್ಕೋ ದೂರ ಹೋಗಿದ್ದರು. ಓಡಬೇಕಾದಾಗಲೂ ತಾಯಂದಿರು ಒಬ್ಬರೇ ಓಡಲಿಲ್ಲ. ತಲೆಮಾರುಗಳಿಂದ ಹೆಂಗಸರನ್ನು ಕಾಪಾಡಿದ ಮನೆಯೇ ಅಂದು ಅವರನ್ನು ಹಿಡಿದಿಟ್ಟುಕೊಂಡಿತು.

ಮನೆಯ ಮಾಲೀಕಳು ಸತ್ತಳು, ಮನೆ ಹೋಯಿತು, ಬೇಲಿ ಬಾವಿ ತೆಂಗಿನಮರ ಎಲ್ಲ ಹೋಗಿ ಯಾರ ಜಾಗ ಎಲ್ಲಿಂದ ಎಲ್ಲಿಯವರೆಗೆ ಎಂಬ ಗುರುತೇ ಉಳಿಯಲಿಲ್ಲ. ಬದುಕುಳಿದವರು ಒಟ್ಟಾಗಿ ನಿಂತು, ಹಗ್ಗ ಹಿಡಿದು, ನೆನಪಿನಿಂದ ಗಡಿ ಗುರುತಿಸಿದ ಊರುಗಳುಂಟು. ಶರೀಯತ್ ನ್ಯಾಯಾಲಯಗಳಿಗೆ ಉತ್ತರಾಧಿಕಾರದ, ಅನಾಥ ಮಕ್ಕಳ ಪೋಷಕತ್ವದ ಅರ್ಜಿಗಳು ರಾಶಿ ಬಿದ್ದವು. ಇಲ್ಲಿ ಪುನುಲಾಂಗ್‌ನ ಹಳೆಯ ದೌರ್ಬಲ್ಯ ಹೊರಬಿತ್ತು. ಅದು ಬಾಯಿಮಾತಿನ ದಾನ. ಸಾಕ್ಷಿಗಳು ಊರ ಹಿರಿಯರು. ಹಿರಿಯರು ಅಲೆಯಲ್ಲಿ ಹೋಗಿದ್ದರೆ ಸಾಕ್ಷಿಯೂ ಹೋಯಿತು. ಸಾಕ್ಷಿಯಿಲ್ಲದ ದಾನ ಮತ್ತೆ ಪಾಲಿನ ಲೆಕ್ಕಕ್ಕೆ ಬರುತ್ತದೆ, ಎರಡು ಅವನಿಗೆ, ಒಂದು ಅವಳಿಗೆ.

ಇನ್ನೊಂದು ತೊಡಕು ಸರಕಾರದ ಕಾಗದದ್ದು. ಇಂಡೊನೇಷ್ಯದ 1974ರ ವಿವಾಹ ಕಾಯಿದೆಯ 31ನೆಯ ಕಲಮು ಗಂಡನನ್ನು ‘ಕುಟುಂಬದ ಮುಖ್ಯಸ್ಥ’ ಎನ್ನುತ್ತದೆ, ಹೆಂಡತಿಯನ್ನು ‘ಮನೆವಾರ್ತೆಯ ತಾಯಿ’ ಎನ್ನುತ್ತದೆ. ಪರಿಹಾರದ ಪಟ್ಟಿ, ಪಡಿತರ, ಹೊಸ ಮನೆ, ಯಾವುದಕ್ಕೂ ಅಧಿಕಾರಿ ಕೇಳುವುದು ಮುಖ್ಯಸ್ಥನ ಹೆಸರನ್ನು. ಸುನಾಮಿಯ ನಂತರ ಭೂಮಿಗೆ ಹೊಸದಾಗಿ ಹಕ್ಕುಪತ್ರ ಕೊಡುವಾಗ ಗಂಡ ಹೆಂಡತಿ ಇಬ್ಬರ ಹೆಸರನ್ನೂ ಬರೆಸಲು ಅವಕಾಶವಿತ್ತು. ಬರೆಸಿದವರು ಕಡಿಮೆ. ಅದಕ್ಕೆ ದುರುದ್ದೇಶವೇ ಕಾರಣವಾಗಿರಬೇಕೆಂದಿಲ್ಲ. ಅರ್ಜಿ ತುಂಬಿದವನು ಗಂಡಸು, ಅಳೆಯಲು ಬಂದವನು ಗಂಡಸು, ಮುನಾಸಾದಲ್ಲಿ ಕೂತು ಸಹಿ ಮಾಡಿದವನು ಗಂಡಸು. ಹೆಣ್ಣಿನ ಹೆಸರು ಬಿಟ್ಟುಹೋಗಲು ಇಷ್ಟು ಸಾಕು. ಗಂಡಸರು ಮನೆಯಲ್ಲಿ ಅತಿಥಿಗಳಾಗಿದ್ದ ಊರಿನಲ್ಲಿ, ಕಾಗದದ ಮೇಲೆ ಮಾಲೀಕಳೇ ಅತಿಥಿಯಾದಳು.

ಹೊಸ ಮನೆಗಳೂ ಬೇರೆಯೇ. ಪುನರ್ನಿರ್ಮಾಣದಲ್ಲಿ 1,40,000ದಷ್ಟು ಮನೆಗಳು ಎದ್ದವು. ನಿಗದಿಯಾದ ಅಳತೆ 36 ಚದರ ಮೀಟರ್, ನೆಲಕ್ಕಂಟಿದ ಇಟ್ಟಿಗೆ ಸಿಮೆಂಟಿನ ಗೋಡೆ. ಲಕ್ಷಾಂತರ ಜನರಿಗೆ ಸೂರಾಯಿತು ಎಂಬುದು ಸಣ್ಣ ಮಾತಲ್ಲ. ಆದರೆ ಹಿಂದಿನ ಜಗುಲಿ ಇಲ್ಲ, ಮನೆಯ ಅಡಿಯ ನೆರಳಿಲ್ಲ. ಒಂದು ಅಂಗಳದ ಅಕ್ಕತಂಗಿಯರ ಮನೆಗಳ ಬದಲು ರಸ್ತೆಯ ಉದ್ದಕ್ಕೆ ಸಾಲುಮನೆ. ಕೆಲವೇ ವರ್ಷಗಳಲ್ಲಿ ಹೆಂಗಸರು ಮನೆಯ ಹಿಂದೆ ಹಲಗೆ, ತಗಡು ಸೇರಿಸಿ ಅಡುಗೆಮನೆ ಕಟ್ಟಿಕೊಳ್ಳತೊಡಗಿದರು. ನಕ್ಷೆ ಬರೆದವರಿಗೆ ಹೊಳೆಯದ ಕೋಣೆ ಅದು. 2016ರ ಡಿಸೆಂಬರ್ 7ರಂದು ಪಿದೀ ಜಾಯಾದಲ್ಲಿ ಭೂಕಂಪವಾಗಿ ನೂರಕ್ಕೂ ಹೆಚ್ಚು ಜನ ಸತ್ತಾಗ ಹೆಚ್ಚಾಗಿ ಕುಸಿದದ್ದು ಕಾಂಕ್ರೀಟಿನ ಅಂಗಡಿಸಾಲುಗಳು ಮತ್ತು ಮಸೀದಿಗಳು.

ಶಾಂತಿಯ ನಂತರ ಹಳ್ಳಿಗೆ ಹಣ ಬಂದಿದೆ. 2008ರಿಂದ ಅಚೇಗೆ ವಿಶೇಷ ಸ್ವಾಯತ್ತತೆಯ ನಿಧಿ ಸಿಗುತ್ತಿದೆ, ಅದರ ಅವಧಿ 2027ರವರೆಗೆ. 2014ರ ಗ್ರಾಮ ಕಾಯಿದೆಯಂತೆ ಪ್ರತಿ ಹಳ್ಳಿಗೂ ನೇರ ಅನುದಾನವಿದೆ. ರಸ್ತೆಯಾಗಿದೆ, ಚರಂಡಿಯಾಗಿದೆ, ಕುಚಿಕ್‌ನ ಕಚೇರಿಗೆ ಬಣ್ಣ ಬಳಿದಿದೆ. ಆದರೂ 2023ರ ಮಾರ್ಚ್‌ನಲ್ಲಿ ಅಚೇಯ ಬಡತನದ ಪ್ರಮಾಣ ಶೇಕಡ 14.45, ಸುಮಾತ್ರಾದ ಪ್ರಾಂತಗಳಲ್ಲೇ ಅತಿ ಹೆಚ್ಚು. 1979ರ ಕಾಯಿದೆ ಜಾವಾದ ಮಾದರಿಯ ಗ್ರಾಮವನ್ನು ದೇಶಕ್ಕೆಲ್ಲ ಹೇರಿ ಗಂಪೋಂಗ್, ಮುಕೀಮ್‌ಗಳನ್ನು ಮೂಲೆಗೆ ತಳ್ಳಿತ್ತು. 2003ರಲ್ಲಿ ಅಚೇಯ ಸ್ವಂತ ಕಾನೂನುಗಳು ಅವಕ್ಕೆ ಮತ್ತೆ ಮಾನ್ಯತೆ ಕೊಟ್ಟವು. 2008ರ ಇನ್ನೊಂದು ಕಾನೂನು ಹದಿನೆಂಟು ಬಗೆಯ ವ್ಯಾಜ್ಯಗಳನ್ನು ಊರಿನಲ್ಲೇ ತೀರಿಸಲು ಅಧಿಕಾರ ಕೊಟ್ಟಿತು. ಮನೆಯೊಳಗಿನ ಜಗಳ, ಆಸ್ತಿಯ ತಕರಾರು ಅದರಲ್ಲಿವೆ. ರಾಜಿಯಾದ ಮೇಲೆ ಎಲೆಗಳ ಕಟ್ಟಿನಿಂದ ನೀರು ಚಿಮುಕಿಸಿ, ಅಕ್ಕಿ ಎರಚಿ, ಅಂಟಕ್ಕಿಯ ಅನ್ನ ತಿನ್ನಿಸುವ ಶಾಸ್ತ್ರವಿದೆ. ‘ತಂಪು ಮಾಡುವುದು’ ಎಂದು ಅದರ ಅರ್ಥ. ಬಂಡಾಯದಿಂದ ಮರಳಿದವರನ್ನೂ ಹಳ್ಳಿಗಳು ಹೀಗೆ ತಂಪು ಮಾಡಿಯೇ ಒಳಗೆ ಕರೆದುಕೊಂಡವು.

ಇದೇ ವರ್ಷಗಳಲ್ಲಿ ಶರೀಯತ್ ಕಾನೂನುಗಳೂ ಬಂದವು. 2005ರಲ್ಲಿ ಬಿರುಎನ್‌ನಲ್ಲಿ ಮೊದಲ ಬಾರಿಗೆ ಬಹಿರಂಗ ಛಡಿಯೇಟು ನಡೆಯಿತು. 2014ರ ದಂಡಸಂಹಿತೆ ಇದನ್ನು ವಿಸ್ತರಿಸಿತು. ಹೆಂಗಸರ ಉಡುಪು, ಓಡಾಟಗಳ ಮೇಲೆ ಕಣ್ಣಿಡುವ ವಿಶೇಷ ಪೊಲೀಸರಿದ್ದಾರೆ. ಧರ್ಮದ ಹೆಸರಿನಲ್ಲಿ ಬೀದಿಯಲ್ಲಿ ಹೆಣ್ಣಿನ ತಲೆವಸ್ತ್ರ ಅಳೆಯುವವರು, ಅದೇ ಧರ್ಮದೊಳಗೆ ಅಜ್ಜಂದಿರು ಕಂಡುಕೊಂಡ ಪುನುಲಾಂಗ್‌ನ ಬಗ್ಗೆ ಅಷ್ಟೇ ಉತ್ಸಾಹ ತೋರಿದ್ದು ಕಾಣುವುದಿಲ್ಲ.

ಆದರೆ ಹಳ್ಳಿಯವರು ಸುಮ್ಮನೆ ಕೂತಿಲ್ಲ. ಮಗಳಿಗೆ ಕೊಡುವ ಮನೆಯನ್ನು ಬಾಯಿಮಾತಿಗೆ ಬಿಡದೆ, ತಾವು ಬದುಕಿರುವಾಗಲೇ ಕುಚಿಕ್‌ನ ಎದುರು ದಾನಪತ್ರ ಬರೆಸುವ ತಂದೆತಾಯಿಗಳಿದ್ದಾರೆ. ಗಂಡುಮಕ್ಕಳು ಸಾಕ್ಷಿ ಹಾಕುತ್ತಾರೆ, ಕುಚಿಕ್ ಮೊಹರು ಒತ್ತುತ್ತಾನೆ. ಡಿಸೆಂಬರ್ 26ರಂದು ಅಚೇಯ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಸಮುದ್ರದ ಯಜಮಾನರು ಮಾಡಿದ ಕಟ್ಟಳೆ ಅದು. ಗಂಡಸರು ಅಂದು ಮನೆಯಲ್ಲೇ ಇರುತ್ತಾರೆ.